ಬಾಲರಕ್ಷೆಯೂ ನ್ಯಾಯಸ್ಥಾನವೂ

ಸಂತಾನವಿಲ್ಲದೆ ಗತಿಸಿದವನ ಧನಕ್ಕೆ ತಾಯಿ ಮೊದಲೋ ತಂದೆ ಮೊದಲೋ ಎಂಬ ಪ್ರಶ್ನೆಯನ್ನು ವಿಜ್ಞಾನೇಶ್ವರನು ವ್ಯಾಕರಣಬಲದಿಂದ ಪರಿಹರಿಸಿದನೆಂಬುದು ವಿದ್ವಾಂಸರಿಗೆ ಸುವಿದಿತವಾಗಿದೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ಕಲ್ಯಾಣದಲ್ಲಿದ್ದು ಮಿತಾಕ್ಷರೆಯನ್ನು ರಚಿಸಿದ ಈ ಆಚಾರ್ಯನು, ಯಾಜ್ಞವಲ್ಕ್ಯನ ‘ಪಿತರೌ’ ಎಂಬ ಪದವು ಏಕಶೇಷವೆಂದೂ, ಅದರ ವಿಗ್ರಹದಲ್ಲಿ ಮಾತೃಶಬ್ದವೇ ಮುಂದೆ ಬರುವುದರಿಂದ ತಾಯಿಯೇ ಮೊದಲ ಅಧಿಕಾರಿಣಿಯೆಂದೂ ಸಾಧಿಸಿದನು. ತಂದೆಯು ಸವತಿಯ ಮಕ್ಕಳಿಗೂ ಸಾಧಾರಣನು, ತಾಯಿ ಹಾಗಲ್ಲ. ಆದುದರಿಂದ ಸಾಮೀಪ್ಯವೂ ಆಕೆಗೇ ಅಧಿಕವೆಂಬುದು ಆತನ ಎರಡನೆಯ ಯುಕ್ತಿ.

ಸುಮಾರು ಒಂಬತ್ತು ಶತಮಾನಗಳ ಬಳಿಕ ಇಂತಹುದೇ ಶಬ್ದವಿಚಾರವು ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆಯಿತು. 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವದ ಅಧಿನಿಯಮದ 6ನೆಯ ಪ್ರಕರಣವು ತಂದೆಯನ್ನೂ ‘ಆತನ ತರುವಾಯ’ ತಾಯಿಯನ್ನೂ ಸಹಜಪಾಲಕರೆನ್ನುತ್ತದೆ. ‘ತರುವಾಯ’ ಎಂದರೆ ತಂದೆಯ ಮರಣಾನಂತರವೆಂದೇ ಅರ್ಥವಲ್ಲ, ಆತನ ಅಭಾವದಲ್ಲಿ ಎಂದೂ ಅರ್ಥವಾಗುವುದೆಂದು ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ತೀರ್ಪಾಯಿತು. ಮೀಮಾಂಸಕರು ಮೆಚ್ಚತಕ್ಕ ವ್ಯಾಖ್ಯಾನವೇ ಅದು.

ಆದರೆ ಈ ಎರಡು ವಿಚಾರಗಳಲ್ಲಿಯೂ ತೂಗಲ್ಪಟ್ಟದ್ದು ತಂದೆತಾಯಿಗಳ ಅಧಿಕಾರ. ಮಗುವು ಯಾರ ಮನೆಯಲ್ಲಿ ನಿರ್ಭಯವಾಗಿ ನಿದ್ರಿಸೀತು ಎಂಬುದು ಬೇರೆಯೇ ಪ್ರಶ್ನೆ. ಬಾಲಕನ ಧನವನ್ನು ರಾಜನು ಕಾಯಬೇಕೆಂದು ಮನುವು ವಿಧಿಸಿದ್ದಾನೆ. ಧನಕ್ಕೆ ದೊರೆತ ಈ ಕಾವಲು ಬಾಲಕನ ದೇಹಕ್ಕೆ ಅಷ್ಟೇ ಸ್ಪಷ್ಟವಾಗಿ ದೊರೆಯಲಿಲ್ಲ. ನಮ್ಮ ಕಚೇರಿಗಳ ಭಾಷೆಯೂ ಇದಕ್ಕೆ ಸಾಕ್ಷಿ. ಜಪ್ತಿಯಾದ ಗಾಡಿಯನ್ನೂ ಮಗುವನ್ನೂ ಒಂದೇ ‘ಸುಪರ್ದು’ ಶಬ್ದದಿಂದ ಒಪ್ಪಿಸುವ ರೂಢಿ ಅಲ್ಲಿದೆಯಷ್ಟೆ.

1890ರ ಪಾಲಕರ ಮತ್ತು ಪಾಲಿತರ ಅಧಿನಿಯಮದ 17ನೆಯ ಪ್ರಕರಣದಲ್ಲಿ ಮಗುವಿನ ಕ್ಷೇಮ, ಪಾಲಕನಾಗಬಯಸುವವನ ಶೀಲ ಮತ್ತು ಯೋಗ್ಯತೆ, ತಿಳಿವಳಿಕೆ ಬಂದ ಮಗುವಾದರೆ ಅದರ ಇಚ್ಛೆ, ಇವೆಲ್ಲವೂ ಹೇಳಲ್ಪಟ್ಟಿವೆ. 1956ರ ಅಧಿನಿಯಮದ 13ನೆಯ ಪ್ರಕರಣವು ಕ್ಷೇಮವನ್ನೇ ಸರ್ವಪ್ರಧಾನವೆಂದಿತು. ಶಾಸನದಲ್ಲಿ ಕೊರತೆಯಿಲ್ಲ, ಕೊರತೆ ಇರುವುದು ಅನ್ವಯದಲ್ಲಿ. 2008ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದಿಂದ ಮೇಲ್ಮನವಿಯಾಗಿ ಬಂದ ಒಂದು ವ್ಯಾಜ್ಯವನ್ನು ನೋಡಬಹುದು. ತಾಯಿ ಮೃತಳಾಗಿದ್ದಳು, ಆ ಸಂಬಂಧವಾಗಿ ತಂದೆಯ ಮೇಲೆಯೇ ಮೊಕದ್ದಮೆ ಇತ್ತು, ಹುಡುಗನು ಮಾತಾಮಹರ ಮನೆಯಲ್ಲಿದ್ದನು. ಕೆಳಗಿನ ಎರಡು ನ್ಯಾಯಾಲಯಗಳೂ ಸಹಜಪಾಲಕನೆಂಬ ಕಾರಣದಿಂದ ತಂದೆಗೇ ಒಪ್ಪಿಸಿದವು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರು ಹುಡುಗನನ್ನು ತಮ್ಮ ಕೊಠಡಿಗೆ ಕರೆಸಿ ಮಾತನಾಡಿಸಿದರು. ತಂದೆಯ ಬಳಿಗೆ ಹೋಗಲಾರೆನೆಂದು ಅವನು ಸ್ಪಷ್ಟವಾಗಿ ಹೇಳಿದನು. ಬಾಕಿಯಿದ್ದ ಆರೋಪವನ್ನು ಶೀಲವಿಚಾರದಲ್ಲಿ ಗಣಿಸದೆಯೂ ಮಗುವಿನ ಮನಸ್ಸನ್ನು ತಿಳಿಯದೆಯೂ ಕೊಟ್ಟ ಆ ಆಜ್ಞೆಗಳು ರದ್ದಾದವು.

ಮಗುವಿಗೆ ಹೇಳಿಕೊಟ್ಟ ಮಾತು ಪ್ರಮಾಣವೇ ಎಂಬ ಆಕ್ಷೇಪ ಇಲ್ಲಿ ಬರುವುದು ಸಹಜ. ಹೇಳಿಕೊಟ್ಟ ಮಾತನ್ನಾಡುವವರು ಪ್ರಾಪ್ತವಯಸ್ಕರಲ್ಲಿ ಕಡಮೆಯೇನಲ್ಲ. ಅದಕ್ಕಾಗಿ ಸಾಕ್ಷಿಯನ್ನೇ ಕೇಳದೆ ಬಿಡುವ ಪದ್ಧತಿ ಎಲ್ಲಿಯೂ ಇಲ್ಲ. ಒಂಟಿಯಾಗಿ, ಸಾವಧಾನವಾಗಿ, ಒಂದಕ್ಕಿಂತ ಹೆಚ್ಚು ಬಾರಿ ಕೇಳುವುದೇ ಉಪಾಯ. ತಾತ್ಕಾಲಿಕ ಭೇಟಿಯ ಆಜ್ಞೆಗಳಲ್ಲಿ ಈ ಎಚ್ಚರ ಇನ್ನೂ ಅವಶ್ಯಕ, ಏಕೆಂದರೆ ಅವು ಪೂರ್ಣವಿಚಾರಣೆಗೆ ಮುನ್ನವೇ ಹೊರಡುತ್ತವೆ. ಭೇಟಿಯಿಂದ ಮಗುವಿಗೆ ಹಾನಿಯಾಗಬಹುದೆಂದು ಕಂಡರೆ ಅದನ್ನು ನಿರಾಕರಿಸಲೇಬೇಕೆಂದು 2005ರ ಕೌಟುಂಬಿಕ ಹಿಂಸೆಯ ಅಧಿನಿಯಮದ 21ನೆಯ ಪ್ರಕರಣವು ವಿಧಿಸುತ್ತದೆ. ಹಾನಿಯ ಶಂಕೆ ಬಂದಲ್ಲಿ ಮೊದಲು ವಿಚಾರಣೆ, ಅನಂತರ ಭೇಟಿ ಎಂಬ ಕ್ರಮವನ್ನು ಎಲ್ಲ ವ್ಯಾಜ್ಯಗಳಲ್ಲಿಯೂ ಅನುಸರಿಸುವುದು ಯುಕ್ತ.

ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಬೆಳೆಯುತ್ತಿರುವ ಒಂದು ಮಗುವಿಗಾಗಿ ವ್ಯಾಜ್ಯ ಹುಟ್ಟಿತೆಂದು ಭಾವಿಸೋಣ. ತಂದೆಯೋ ತಾಯಿಯೋ ಬೆಂಗಳೂರಿನಲ್ಲಿದ್ದರೂ, 1890ರ ಅಧಿನಿಯಮದ 9ನೆಯ ಪ್ರಕರಣದಂತೆ, ಮಗುವು ಸಾಮಾನ್ಯವಾಗಿ ವಾಸಿಸುವ ಪ್ರದೇಶದ ನ್ಯಾಯಾಲಯದಲ್ಲಿಯೇ ಪಾಲಕತ್ವದ ಅರ್ಜಿಯನ್ನು ಸಲ್ಲಿಸಬೇಕು. ಇದು ಕೇವಲ ಸೌಕರ್ಯದ ಮಾತಲ್ಲ. ಮಗುವಿನ ಮೈಮೇಲಿನ ಬರೆಯನ್ನು ಕಂಡವರು, ರಜೆ ಮುಗಿಸಿ ಬಂದ ಮೇಲೆ ಅದು ಮಾತು ಬಿಟ್ಟದ್ದನ್ನು ಗಮನಿಸಿದವರು, ಊರಿನ ಶಾಲೆಯ ಉಪಾಧ್ಯಾಯರೋ ಅಂಗನವಾಡಿಯ ಕಾರ್ಯಕರ್ತೆಯೋ ಆಗಿರುತ್ತಾರೆ. ಕುಟುಂಬ ನ್ಯಾಯಾಲಯವಾದರೆ, 1984ರ ಅಧಿನಿಯಮದ 12ನೆಯ ಪ್ರಕರಣದಂತೆ ವೈದ್ಯರ ಮತ್ತು ಸಮಾಜಸೇವಕರ ನೆರವನ್ನು ಪಡೆಯಬಹುದು. 14ನೆಯ ಪ್ರಕರಣದಂತೆ, ಸಾಕ್ಷ್ಯಶಾಸನಕ್ಕೆ ಒಳಪಡದ ವರದಿಯನ್ನಾದರೂ ಉಪಯುಕ್ತವೆಂದು ಕಂಡರೆ ಸ್ವೀಕರಿಸಬಹುದು. ಉಪಾಧ್ಯಾಯರು ಬರೆದುಕೊಟ್ಟ ಒಂದು ಹಾಳೆಗೂ ಅಲ್ಲಿ ಸ್ಥಾನವುಂಟು.