ಸುಳಿ ಉಳಿದರೆ ತೆಂಗು ಉಳಿದೀತು

ಬಾಣಸವಾಡಿಯ ಯಾವುದಾದರೂ ಮನೆಯ ಹಿತ್ತಲಲ್ಲಿ ಪೆಟ್ಟು ತಿಂದ ತೆಂಗಿನ ಮರ ಕಂಡಿರಾ? ಕಡಿಯುವ ಮಾತಿಗೆ ಮುನ್ನ ಅದರ ನೆತ್ತಿಯನ್ನು ನೋಡಿ. ಮಾವಿನ ಕೊಂಬೆ ಕಡಿದರೆ ಪಕ್ಕದಲ್ಲಿ ಚಿಗುರೊಡೆಯುತ್ತದೆ. ತೆಂಗಿಗಾದರೋ ಬೆಳೆಯುವ ತುದಿ ಒಂದೇ, ಅದೇ ಸುಳಿ. ಸುಳಿ ಸತ್ತರೆ ಮರವೂ ಸಾಯುತ್ತದೆ.

ಕಾಂಡದ ಗಾಯದ ವಿಚಾರ ಬೇರೆ. ಏಕದಳ ಸಸ್ಯವಾದ ತೆಂಗಿನಲ್ಲಿ ಗಾಯ ಮುಚ್ಚುವ ಕ್ಯಾಂಬಿಯಂ ಪದರವಿಲ್ಲ. ಗುರುತು ಕೊನೆಯವರೆಗೂ ಉಳಿಯುತ್ತದೆ. ಆದರೆ ನೀರು, ಆಹಾರ ಸಾಗಿಸುವ ನಾಳಗಳು ಕಾಂಡದ ತುಂಬ ಚದುರಿರುವುದರಿಂದ ಒಂದು ಪಕ್ಕ ಪೆಟ್ಟಾದರೂ ಮರ ಬದುಕಬಲ್ಲದು. ಗಾಯ ಆಳವಾಗಿದ್ದರೆ ಮಾತ್ರ ಮುರಿದು ಬೀಳುವ ಅಪಾಯವುಂಟು.

ಸುಳಿಗರಿ ಎಳೆದೊಡನೆ ಕಿತ್ತುಬಂದು ದುರ್ವಾಸನೆ ಬೀರಿದರೆ ಅದು ಸುಳಿಕೊಳೆ ರೋಗ. ಆರಂಭದಲ್ಲೇ ಕೊಳೆತ ಭಾಗವನ್ನು ತೆಗೆದು ಬೋರ್ಡೋ ಮುಲಾಮು ಹಚ್ಚಿದರೆ ಮರ ಉಳಿಯಬಹುದು. ಕೆಲವು ತಿಂಗಳು ಕಾಯಿರಿ. ಹೊಸ ಗರಿ ಹೊರಟರೆ ಕೊಡಲಿಗೆ ಕೆಲಸವಿಲ್ಲ.