ಕೈ ಹಾಕದೆ ಆಪರೇಷನ್: ಭಯ ಬೇಕಾ?

ಮೊನ್ನೆ ಮೂಡುಬಿದಿರೆಯಲ್ಲಿ ಒಂದು ಮದುವೆ ಊಟ. ಪಕ್ಕದಲ್ಲಿ ಕೂತಿದ್ದ ಬೆಳ್ತಂಗಡಿಯ ಅಕ್ಕ ಹೋಳಿಗೆಗೆ ತುಪ್ಪ ಬೇಡವೇ ಬೇಡ ಅಂದರು. ಕೇಳಿದರೆ ಪಿತ್ತಕೋಶದಲ್ಲಿ ಕಲ್ಲು. ಎಣ್ಣೆ, ತುಪ್ಪ ತಿಂದರೆ ಹೊಟ್ಟೆಯ ಬಲಭಾಗ ಹಿಂಡಿದಂತೆ ನೋವು. ಡಾಕ್ಟ್ರು ಲ್ಯಾಪರೋಸ್ಕೋಪಿ ಮಾಡಿಸಿ ಅಂದು ಆರು ತಿಂಗಳಾಯಿತಂತೆ.

"ಅಲ್ಲ ಮಾರಾಯ್ತಿ, ಹೊಟ್ಟೆಯೊಳಗೆ ಕೈಯೇ ಹಾಕುವುದಿಲ್ಲವಂತೆ. ಟಿವಿ ನೋಡಿಕೊಂಡು ಕೋಲಲ್ಲಿ ಕೊಯ್ಯುವುದಂತೆ. ಮುಟ್ಟಿ ನೋಡದೆ ಅವರಿಗೆ ಹೇಗೆ ಗೊತ್ತಾಗ್ತದೆ?"

ಅಕ್ಕನ ಪ್ರಶ್ನೆ ನಗುವಂಥದ್ದಲ್ಲ. ದೊಡ್ಡ ದೊಡ್ಡ ಎಂಜಿನಿಯರುಗಳೂ ಇದೇ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ!

ಏನಿದು ಕೀಹೋಲ್?

ಹೊಟ್ಟೆಯಲ್ಲಿ ಸಾಮಾನ್ಯವಾಗಿ 5ರಿಂದ 10 ಮಿಲಿಮೀಟರ್‌ನ ಮೂರು ನಾಲ್ಕು ತೂತು ಮಾಡುತ್ತಾರೆ. ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿಸಿ, ಒಂದು ತೂತಿನಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದದ ಉಪಕರಣ ಇಳಿಸುತ್ತಾರೆ. ಪಿತ್ತಕೋಶವನ್ನು ಹೀಗೆ ಮೊದಲು ತೆಗೆದದ್ದು ಜರ್ಮನಿಯ ಡಾ. ಎರಿಕ್ ಮ್ಯೂಹೆ, 1985ರಲ್ಲಿ. ಗಾಯ ಸಣ್ಣದು, ನೋವು ಕಡಿಮೆ, ಬೇಗ ಮನೆಗೆ ಬರಬಹುದು.

ಬೆರಳಿಗೆ ಗೊತ್ತು

ಆದರೆ ಒಂದು ನಷ್ಟವೂ ಇದೆ. ಬಂಟ್ವಾಳ, ಬೆಳ್ತಂಗಡಿ ಕಡೆ ಬೀಡಿ ಕಟ್ಟುವವರನ್ನು ನೋಡಿ. ಎಲೆ ಸುರುಟುವಾಗ ಎಷ್ಟು ಒತ್ತಬೇಕು ಅಂತ ಕಣ್ಣಲ್ಲ, ಬೆರಳು ಹೇಳುತ್ತದೆ. ಜಾಸ್ತಿಯಾದರೆ ಎಲೆ ಹರಿಯಿತು, ಕಡಿಮೆಯಾದರೆ ಪುಡಿ ಉದುರಿತು. ಅದೇ ಬೀಡಿಯನ್ನು ಒಂದು ಅಡಿ ಉದ್ದದ ಇಕ್ಕಳದಲ್ಲಿ ಕಟ್ಟಿ ಅಂದರೆ? ಸರ್ಜನ್ ಪಾಡೂ ಅದೇ. ಅನುಭವಿ ಸರ್ಜನ್ ಪರದೆಯಲ್ಲಿ ಒಳಗಿನ ಅಂಗ ಎಳೆಯುವ, ಬಿಳಿಚುವ ರೀತಿ ನೋಡಿಯೇ ಬಲವನ್ನು ಅಂದಾಜು ಮಾಡುತ್ತಾರೆ.

ಗಾಜಿನ ಕೂದಲು

ಈ ಕೊರತೆ ತುಂಬಲು ಬಂದದ್ದೇ ಆಪ್ಟಿಕಲ್ ಫೈಬರ್ ಸೆನ್ಸರ್. ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆಯನ್ನು ಉಪಕರಣದ ತುದಿಯ ಹತ್ತಿರ ಕೂರಿಸುತ್ತಾರೆ. ಅದರೊಳಗೆ ಬರೆದ ಸೂಕ್ಷ್ಮ ಗೆರೆಗಳು ಒಂದೇ ಬಣ್ಣದ ಬೆಳಕನ್ನು ವಾಪಸ್ ಕಳಿಸುತ್ತವೆ. ತುದಿ ಒತ್ತಿದಾಗ ಎಳೆ ಒಂಚೂರು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ವಾಪಸ್ ಬರುವ ಬಣ್ಣ ಬದಲಾಗುತ್ತದೆ. ಅದನ್ನು ಅಳೆದರೆ ಎಷ್ಟು ಒತ್ತಿದರು ಅಂತ ಲೆಕ್ಕ ಸಿಗುತ್ತದೆ. ಇದರಲ್ಲಿ ಕರೆಂಟ್ ಹರಿಯುವುದಿಲ್ಲ, ಎಂಆರ್‌ಐ ಮೆಷಿನ್‌ನ ಅಯಸ್ಕಾಂತಕ್ಕೂ ಜಗ್ಗುವುದಿಲ್ಲ. ಆದರೆ ಬಿಸಿಗೂ ಬಣ್ಣ ಬದಲಾಗುವುದರಿಂದ ಆ ಲೆಕ್ಕ ಕಳೆಯಬೇಕು.

ಹೃದಯ ಬಡಿತದ ತೊಂದರೆಗೆ ಬಳಸುವ ಕೆಲವು ಕ್ಯಾತೀಟರ್‌ಗಳಲ್ಲಿ ಈಗಾಗಲೇ ಇಂಥ ಫೈಬರ್ ಇದೆ. ಹೃದಯದ ಗೋಡೆಗೆ ಎಷ್ಟು ಗ್ರಾಂ ಒತ್ತಡ ಬಿತ್ತೆಂದು ಡಾಕ್ಟರಿಗೆ ತೋರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ಕಣ್ಣಿನ ರೆಟಿನಾ ಆಪರೇಷನ್‌ಗಾಗಿ, ಕೈಗೆ ಗೊತ್ತೇ ಆಗದ ಬಲ ಅಳೆಯುವ ಚಿಮಟ ಮಾಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ಅಶೋಕನ್ ಅವರ ತಂಡ ಇದೇ ಬಗೆಯ ಫೈಬರಿನಿಂದ ನಾಡಿ ಬಡಿತ, ಪಾದದ ಒತ್ತಡ ಅಳೆಯುವ ಕೆಲಸ ಮಾಡಿದೆ.

ಹಾಗಂತ ಸೆನ್ಸರ್ ಇರುವ ಆಸ್ಪತ್ರೆ ಹುಡುಕಿಕೊಂಡು ಆಪರೇಷನ್ ಮುಂದೂಡಬೇಡಿ. ಪಿತ್ತಕೋಶದ ಮಾಮೂಲಿ ಆಪರೇಷನ್ ಸೆನ್ಸರ್ ಇಲ್ಲದೆಯೇ ಚೆನ್ನಾಗಿ ನಡೆಯುತ್ತದೆ. ತೊಂದರೆ ಕೊಡುವ ಕಲ್ಲನ್ನು ಹಾಗೇ ಬಿಟ್ಟರೆ ಸೋಂಕು, ಕಾಮಾಲೆ, ಮೇದೋಜೀರಕ ಗ್ರಂಥಿಯ ಊತ ಬರಬಹುದು.

ನೆನಪಿಡಿ

* ಈ ಆಪರೇಷನ್ ಎಷ್ಟು ಮಾಡಿದ್ದೀರಿ ಅಂತ ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ.

* ಕೆಲವೊಮ್ಮೆ ನಡುವೆ ಹೊಟ್ಟೆ ತೆರೆಯಬೇಕಾಗಬಹುದು. ಅದು ಸೋಲಲ್ಲ, ನಿಮ್ಮ ಕ್ಷೇಮಕ್ಕೇ.

* ಬಿಪಿ, ಶುಗರ್, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮೊದಲೇ ಹೇಳಿ.

* ಗ್ಯಾಸಿನಿಂದ ಒಂದೆರಡು ದಿನ ಭುಜ ನೋಯಬಹುದು, ಗಾಬರಿ ಬೇಡ.

* ಜ್ವರ, ಕಣ್ಣು ಹಳದಿ, ಜೋರು ಹೊಟ್ಟೆನೋವು, ನಿಲ್ಲದ ವಾಂತಿ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಕೇಳಿದ ಅಕ್ಕ, "ಹಾಗಾದ್ರೆ ಬಂಟ್ವಾಳದ ತಂಗಿಯನ್ನು ಕರೆದುಕೊಂಡು ಸೋಮವಾರವೇ ಡಾಕ್ಟ್ರ ಹತ್ರ ಹೋಗ್ತೇನೆ" ಅಂದರು. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ನಾವು ಆರೋಗ್ಯವನ್ನೂ ಕೊನೆಗೇ ಇಡುತ್ತೇವೆ. ನಿಮ್ಮ ನೋವನ್ನೂ ಹೀಗೆ ಮುಂದೂಡುತ್ತಿದ್ದೀರಾ? ಈ ವಾರವೇ ಒಮ್ಮೆ ತೋರಿಸಿಕೊಂಡು ಬನ್ನಿ.