ಮದ್ದಿಲ್ಲದ ಕಾಯಿಲೆಗೆ ಜೀನ್ ಪರೀಕ್ಷೆ ಯಾಕೆ?

ನಾಲ್ಕೈದು ವರ್ಷದ ಹುಡುಗ ನೆಲದಿಂದ ಏಳಲು ತನ್ನದೇ ಮೊಣಕಾಲು, ತೊಡೆಗಳ ಮೇಲೆ ಕೈಯೂರುತ್ತಾನೆ; ಮೀನಖಂಡ ಮಾತ್ರ ದಪ್ಪಗೆ ಕಾಣುತ್ತದೆ. ಸ್ನಾಯು ಹಾಳಾದಾಗ ರಕ್ತಕ್ಕೆ ಸೇರುವ ಸಿಪಿಕೆ ಕಿಣ್ವ ಹತ್ತಾರು ಪಟ್ಟು ಏರಿದ್ದರೆ ಡುಷೆನ್ ಸ್ನಾಯುಕ್ಷಯದ ಗುಮಾನಿ ಬರುತ್ತದೆ. ಹಿಂದೆ ಸ್ನಾಯುವಿನ ಚೂರು ಕತ್ತರಿಸಿ ನೋಡುತ್ತಿದ್ದರು, ಈಗ ಬಹುಪಾಲು ಮಕ್ಕಳಿಗೆ ಜೀನ್ ಪರೀಕ್ಷೆಗೆ ಬೇಕಾದ ಸ್ವಲ್ಪ ರಕ್ತ ಸಾಕು. ಆದರೂ ವಾಸಿಯಾಗದ ಕಾಯಿಲೆಗೆ ಈ ಖರ್ಚೇಕೆ ಎಂದು ಕೇಳುವವರಿದ್ದಾರೆ. ಹೊರಗೆ ಒಂದೇ ಥರ ಕಾಣುವ ಸ್ನಾಯು ದೌರ್ಬಲ್ಯಗಳು ಒಳಗೆ ಬೇರೆ ಬೇರೆ ಕಾಯಿಲೆಗಳು, ಎಲ್ಲವೂ ಮದ್ದಿಲ್ಲದವಲ್ಲ ಎಂಬುದೇ ಇದಕ್ಕೆ ಉತ್ತರ.

ಡುಷೆನ್‌ಗೆ ಕಾರಣವಾಗುವ ಡಿಸ್ಟ್ರೋಫಿನ್ ಜೀನಿನಲ್ಲಿ 79 ಎಕ್ಸಾನ್‌ಗಳಿವೆ, ಅಂದರೆ ಪ್ರೋಟೀನಿನ ಸಂಕೇತ ಹೊತ್ತ ತುಣುಕುಗಳು. ಅದರಲ್ಲಿ 45ನೆಯದೊಂದೇ ಬಿದ್ದುಹೋದರೆ ಮುಂದಿನ ಸಂಕೇತವೆಲ್ಲ ತಪ್ಪಿ ಸಾಮಾನ್ಯವಾಗಿ ತೀವ್ರವಾದ ಡುಷೆನ್ ಬರುತ್ತದೆ. 45ರಿಂದ 47ರವರೆಗೆ ಮೂರೂ ಹೋದರೆ ಸಂಕೇತದ ಓದು ತಪ್ಪದೆ, ಸಾಮಾನ್ಯವಾಗಿ ಸೌಮ್ಯವಾದ ಬೆಕರ್ ಸ್ನಾಯುಕ್ಷಯ ಬರುತ್ತದೆ. ನರ ಮತ್ತು ಸ್ನಾಯು ಸೇರುವಲ್ಲಿನ ದೋಷವಾದ ಜನ್ಮಜಾತ ಮಯಸ್ತೇನಿಯಾದಲ್ಲಿ ಡಿಒಕೆ7 ಜೀನ್ ಕೆಟ್ಟಿದ್ದರೆ ವಾಡಿಕೆಯ ಔಷಧ ಪಿರಿಡೋಸ್ಟಿಗ್ಮೈನ್ ರೋಗವನ್ನು ಹೆಚ್ಚಿಸಬಹುದು, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅನುಕೂಲ ಮಾಡುತ್ತದೆ. ಬೆನ್ನುಹುರಿಯ ನರಕೋಶಗಳು ನಶಿಸಿ ಸ್ನಾಯು ಸೊರಗುವ ಎಸ್‌ಎಂಎ ಕಾಯಿಲೆಗೆ 2016ರಿಂದ ಔಷಧಗಳು ಬಂದಿವೆ. ಅವು ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತವೆ.

ಪರೀಕ್ಷೆಯ ವರದಿ ಆ ಮಗುವಿಗಷ್ಟೇ ಸಂಬಂಧಿಸಿದ್ದಲ್ಲ. ಪುಣೆಯ ಖರಾಡಿಯ ಐಟಿ ಕಂಪನಿಗಳಿಗೆ ವಿಜಯಪುರ, ಕಲಬುರಗಿ ಕಡೆಯಿಂದ ಹೋಗಿ ನೆಲೆಸಿದ ಮನೆಯಲ್ಲಿ ಮಗುವಿಗೆ ಡುಷೆನ್ ಎಂದಾದರೆ, ಊರಲ್ಲಿರುವ ಚಿಕ್ಕಮ್ಮನಿಗೂ ಅದು ಸಂಬಂಧಿಸಿದ್ದು. ತಾಯಿ ಆ ಜೀನ್ ದೋಷದ ವಾಹಕಳಾಗಿದ್ದರೆ ಆಕೆಯ ಅಕ್ಕತಂಗಿಯರೂ ವಾಹಕರಾಗಿರಬಹುದು. ತಾಯಿಯನ್ನೇ ದೂರುತ್ತಾರೆಂಬ ಭಯ ಸುಳ್ಳಲ್ಲ. ಆದರೆ ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ; ಅದನ್ನು ತೋರಿಸಿಕೊಡುವುದೂ ಪರೀಕ್ಷೆಯೇ. ಸೋದರಮಾವ, ಅತ್ತೆಮಕ್ಕಳೊಳಗೆ ಮದುವೆಯಾಗುವ ನಮ್ಮಲ್ಲಿ ತಂದೆತಾಯಿ ಇಬ್ಬರಿಂದಲೂ ಬರುವ ಎಸ್‌ಎಂಎಯಂಥ ಕಾಯಿಲೆಗಳಿಗೆ ಈ ಮಾಹಿತಿ ಇನ್ನೂ ಮುಖ್ಯ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯೂ ಆನುವಂಶಿಕ ಕಾಯಿಲೆ ಪತ್ತೆಗಾಗಿ ಗರ್ಭಪರೀಕ್ಷೆಗೆ ಅವಕಾಶ ಇಟ್ಟಿದೆ.

ಖರ್ಚಿನ ಆಕ್ಷೇಪಕ್ಕೆ ಉತ್ತರ ಪರೀಕ್ಷೆಯ ಸರದಿಯಲ್ಲಿದೆ. ಡುಷೆನ್ ಗುಮಾನಿಯಿದ್ದರೆ ಮೊದಲು ಎಂಎಲ್‌ಪಿಎ: ಎಕ್ಸಾನ್‌ಗಳು ಬಿದ್ದುಹೋದ ಅಥವಾ ಇಮ್ಮಡಿಯಾದ ಬಹುಪಾಲು ಪ್ರಕರಣಗಳು ಅದರಲ್ಲೇ ಸಿಗುತ್ತವೆ. ಸಿಗದಿದ್ದಾಗ ಮಾತ್ರ ಎಲ್ಲ ಜೀನ್‌ಗಳ ಎಕ್ಸಾನ್‌ಗಳನ್ನೂ ಓದುವ ದುಬಾರಿ ಎಕ್ಸೋಮ್ ಪರೀಕ್ಷೆ. ಅದರಲ್ಲಿ ಕೆಲವೊಮ್ಮೆ ಅರ್ಥ ಖಚಿತವಿಲ್ಲದ ಬದಲಾವಣೆಗಳೂ ಬರುತ್ತವೆ. ಅವನ್ನೇ ರೋಗವೆಂದು ಹೇಳಕೂಡದು. ಹಾಗಾಗಿ ವರದಿಯ ಜೊತೆ ಆಪ್ತಸಲಹೆ ಇರಲೇಬೇಕು. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಗಳು ಸೇರಿ ಉತ್ಕೃಷ್ಟತಾ ಕೇಂದ್ರವಾಗಿವೆ. ಅಲ್ಲಿ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ರೋಗದ ಹೆಸರೇ ಖಚಿತವಾಗದ ಮಗುವಿಗೆ ಆ ನೆರವು ದಕ್ಕುವುದು ಕಷ್ಟ. ಆದ್ದರಿಂದ ಸರ್ಕಾರ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲೇ ಮೊದಲ ಜೀನ್ ಪರೀಕ್ಷೆಯ ವೆಚ್ಚ ಭರಿಸುವುದು ನ್ಯಾಯ, ಲೆಕ್ಕಕ್ಕೂ ಸರಿ.